ರಾತ್ರಿ ಮೂರು ಗಂಟೆಗೆ ಸಾವಿನ ಭಯ, ಏನು ಮಾಡೋದು?

ರಾತ್ರಿಪಾಳಿ:
ಮಾರ್ಚಿನಲ್ಲಿ ಅಪ್ಪ ಹೋದರು. ಆಗ ಏನೂ ಅನಿಸಲಿಲ್ಲ, ತಿಥಿ, ನೆಂಟರು, ಬ್ಯಾಂಕಿನ ಓಡಾಟ ಅಂತ ದಿನ ಕಳೆಯಿತು. ಈಗ ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ನಾನೂ ಒಂದಿನ ಇರೋದಿಲ್ಲ ಅನ್ನೋದು ಎದೆ ಮೇಲೆ ಬಂದು ಕೂರುತ್ತದೆ. ದೇವರ ನಾಮ ಹೇಳಿಕೋ ಅಂತಾರೆ ಅಮ್ಮ. ಹೇಳಿದರೆ ಸ್ವಲ್ಪ ಹೊತ್ತು ಸರಿಯಿರುತ್ತೆ, ಆಮೇಲೆ ಅದೇ ಕಥೆ. ಧ್ಯಾನ, ವಿಚಾರ ಅಂತ ಮಾಡಿ ನಿಜವಾಗಿ ಭಯ ಕಡಿಮೆಯಾದವರು ಇದ್ದೀರಾ? ಆತ್ಮಕ್ಕೆ ಸಾವಿಲ್ಲ ಅಂತ ಮಾತ್ರ ಬರೀಬೇಡಿ, ವೈಕುಂಠ ಸಮಾರಾಧನೆ ದಿನ ಊಟಕ್ಕೆ ಬಂದವರೆಲ್ಲ ಹೇಳಿದ್ದಾರೆ.

ಕಾಫಿಕಣಿವೆ:
ರಮಣ ಮಹರ್ಷಿಗಳ ಕಥೆ ಗೊತ್ತಿರಬಹುದು. 1896ರಲ್ಲಿ ಮಧುರೈನ ಚಿಕ್ಕಪ್ಪನ ಮನೆ ಮಹಡಿಯಲ್ಲಿ, 16ರ ಹುಡುಗ, ಫುಟ್‌ಬಾಲ್ ಆಡಿಕೊಂಡು ಗಟ್ಟಿಮುಟ್ಟಾಗಿದ್ದವನು, ಕಾಯಿಲೆ ಏನೂ ಇಲ್ಲ, ಇದ್ದಕ್ಕಿದ್ದ ಹಾಗೆ ಸತ್ತೇ ಹೋಗ್ತೀನಿ ಅನ್ನೋ ಭಯ. ಯಾರನ್ನೂ ಕೂಗಲಿಲ್ಲ. ಕೈಕಾಲು ಸೆಟೆದುಕೊಂಡು, ಉಸಿರು ಬಿಗಿಹಿಡಿದು ಹೆಣದ ಹಾಗೆ ಮಲಗಿಬಿಟ್ಟ. ಈ ದೇಹವನ್ನು ಸುಡುಗಾಡಿಗೆ ಒಯ್ತಾರೆ ಸರಿ, ಆದರೆ ಇದನ್ನೆಲ್ಲ ನೋಡ್ತಿರೋ 'ನಾನು' ಅನ್ನೋದು ಯಾವುದು ಅಂತ ಕೇಳಿಕೊಂಡ. ಅವರಿಗೂ 12ನೇ ವಯಸ್ಸಿಗೇ ತಂದೆ ತೀರಿಕೊಂಡಿದ್ದರು. ನನಗೆ ಹಿಡಿಸಿದ್ದು ಇಷ್ಟು, ಭಯವನ್ನು ಓಡಿಸಲಿಲ್ಲ, ಅದು ಎಲ್ಲಿಗೆ ಕರೆದುಕೊಂಡು ಹೋಗುತ್ತೋ ನೋಡೇಬಿಡೋಣ ಅಂತ ಜೊತೆಗೇ ಹೋದರು.

ಹಳೇಮೇಷ್ಟ್ರು:
ಕಠೋಪನಿಷತ್ತಿನ ನಚಿಕೇತನನ್ನೂ ನೆನಪಿಸಿಕೊಳ್ಳಿ. ಯಮನ ಮನೆಯಲ್ಲಿ ಮೂರು ರಾತ್ರಿ ಊಟವಿಲ್ಲದೆ ಕಾದ ಹುಡುಗ ಅವನು. ಸತ್ತ ಮೇಲೆ ಏನು ಅಂದರೆ ಯಮನೇ ಜಾರಿಕೊಳ್ಳಲು ನೋಡುತ್ತಾನೆ. ಆನೆ ತಗೋ, ಕುದುರೆ ತಗೋ, ಬೇಕಾದಷ್ಟು ಆಯಸ್ಸು ತಗೋ, ಇದೊಂದು ಬಿಡು ಮಾರಾಯ ಅನ್ನೋ ಹಾಗೆ! ದೇವತೆಗಳಿಗೇ ಅನುಮಾನ ಇತ್ತಂತೆ. ಹಾಗಿರುವಾಗ ನಿಮಗೆ ನಿದ್ದೆ ಬರದಿದ್ದರೆ ನಾಚಿಕೆ ಯಾಕೆ?

ಮಧ್ಯಾಹ್ನದಬಿಸಿಲು:
ಕಾಫಿಕಣಿವೆಯವರು ಹೇಳಿದ ರಮಣರ ಹಾಗೆ ನಾನು ಮಲಗಿ ನೋಡಿದ್ದೆ. ಮೊದಲ ವಾರ ಭಯ ಜಾಸ್ತಿಯೇ ಆಯಿತು. ಉಸಿರು ಹಿಡಿಯೋ ಸಾಹಸ ಬೇಡ, ಸುಮ್ನೆ ಮಲಗಿ ಭಯ ಮೈಯಲ್ಲಿ ಎಲ್ಲಿದೆ ಅಂತ ನೋಡಿ, ಸಾಕು. ಎದೆ ಹೊಡೆದುಕೊಳ್ಳೋದು ದಿನವೂ ಇದ್ದರೆ ಡಾಕ್ಟರಿಗೂ ತೋರಿಸಿ. ವೇದಾಂತ ಎಲ್ಲಿಗೂ ಓಡಿಹೋಗಲ್ಲ.

ರಾತ್ರಿಪಾಳಿ:
ನಿನ್ನೆ ಮಲಗಿದೆ. ಐದು ನಿಮಿಷಕ್ಕೆ ಸೊಳ್ಳೆ ಕಚ್ಚಿತು, ಹೆಣ ಎದ್ದು ಫ್ಯಾನ್ ಜೋರು ಮಾಡಿತು. ಮತ್ತೆ ಮಲಗಿದಾಗ ನನ್ನ ಸಾವು ನೆನಪಾಗಲೇ ಇಲ್ಲ, ಅಪ್ಪನ ಮುಖ ಬಂತು. ಮಾರ್ಚಿನಿಂದ ಒಂದು ಸಲವೂ ಅತ್ತಿರಲಿಲ್ಲ ನಾನು, ಅಳು ಬಂತು.