ಆಸ್ಪತ್ರೆ ಪತ್ರ ಮೊದಲು ಫೋನಿಗೆ, ತೆರೆಯದಿದ್ದರೆ ಅಂಚೆಗೆ: ಎಷ್ಟು ಹೊತ್ತು ಕಾಯಬೇಕು?

ಒಪಿಡಿ_ಕುಮಟಾ
ಕುಮಟಾದ 80 ಹಾಸಿಗೆಯ ಆಸ್ಪತ್ರೆ. ದಿನಕ್ಕೆ ಸುಮಾರು 60 ಪತ್ರ ಹೋಗುತ್ತವೆ: ಆಪರೇಷನ್ ತಾರೀಖು, ಮರುತಪಾಸಣೆ, ಹುಬ್ಬಳ್ಳಿ-ಮಣಿಪಾಲಕ್ಕೆ ರೆಫರಲ್. ಈಗ ಎಲ್ಲವೂ ಅಂಚೆಯಲ್ಲೇ. ಮೊದಲು ಎಸ್‌ಎಂಎಸ್‌ನಲ್ಲಿ ಲಿಂಕ್ ಕಳಿಸಿ, 72 ಗಂಟೆಯಲ್ಲಿ ತೆರೆಯದಿದ್ದರೆ ತಾನಾಗಿ ಮುದ್ರಣವಾಗಿ ಅಂಚೆಗೆ ಹೋಗುವಂತೆ ಮಾಡುವ ಯೋಚನೆಯಿದೆ. ರೋಗಿಗಳು ಹೊನ್ನಾವರ, ಗೋಕರ್ಣ, ಸಿದ್ದಾಪುರ ಕಡೆಯವರು. 72 ಗಂಟೆ ಸಾಕೇ? ಸಾದಾ ಅಂಚೆಯೋ, ಸ್ಪೀಡ್ ಪೋಸ್ಟೋ?

ಹಿಂದೆಣಿಕೆ
72 ಗಂಟೆಯ ಲೆಕ್ಕವೇ ತಲೆಕೆಳಗು. ಕಳಿಸಿದ ದಿನದಿಂದ ಮುಂದಕ್ಕಲ್ಲ, ಬರಬೇಕಾದ ದಿನದಿಂದ ಹಿಂದಕ್ಕೆ ಎಣಿಸಿ. ಆಪರೇಷನ್ 20ಕ್ಕೆ ಅಂತಿಟ್ಟುಕೊಳ್ಳಿ. ರೋಗಿಯ ತಯಾರಿಗೆ 4 ದಿನ (ಯಾವುದಾದರೂ ಮಾತ್ರೆ ನಿಲ್ಲಿಸಲು ಡಾಕ್ಟರು ಬರೆದಿದ್ದರೆ ಇನ್ನೂ ಹೆಚ್ಚು), ಅಂಚೆಗೆ 5 ದಿನ. ಅಂದರೆ 11ರ ಬೆಳಿಗ್ಗೆ ಲಕೋಟೆ ಅಂಚೆ ಕಚೇರಿಯಲ್ಲಿರಬೇಕು. 10ರ ಸಂಜೆಯೊಳಗೆ ತೆರೆಯದ ಪತ್ರವೆಲ್ಲ ಮುದ್ರಣಕ್ಕೆ. ಪತ್ರ ತಯಾರಾದದ್ದೇ 12ಕ್ಕಾದರೆ ಕಾಯುವ ಪ್ರಶ್ನೆಯೇ ಇಲ್ಲ; ಲಿಂಕ್, ಲಕೋಟೆ ಎರಡೂ ಅವತ್ತೇ, ಮೇಲೊಂದು ಫೋನ್ ಕರೆ. ಎರಡು ತಿಂಗಳಾಚೆಯ ಮರುತಪಾಸಣೆಯನ್ನು ಮೂರನೇ ದಿನಕ್ಕೇ ಮುದ್ರಿಸಿದರೆ ದುಡ್ಡು ದಂಡ.

ಆ 5 ದಿನವನ್ನೂ ಊಹಿಸಬೇಡಿ. ಕುಮಟಾ ಕಾರವಾರ ಅಂಚೆ ವಿಭಾಗ, ಸಿದ್ದಾಪುರ ಶಿರಸಿ ವಿಭಾಗ. ಘಟ್ಟ ಹತ್ತಿ, ಕೈ ಬದಲಾಗಿ, ಕೊನೆಗೆ ಶಾಖಾ ಅಂಚೆ ಕಚೇರಿಯ ಡಾಕ್ ಸೇವಕರ ಚೀಲಕ್ಕೆ ಬೀಳಬೇಕು. ಒಂದೊಂದು ಪಿನ್‌ಗೂ ಬೇರೆ ಬೇರೆ ವಾರ ಐದೈದು ಲಕೋಟೆ ಕಳಿಸಿ, ತಲುಪಿದ ದಿನ ಬರೆದಿಡಿ. ಸರಾಸರಿ ಬೇಡ, ಎಲ್ಲಕ್ಕಿಂತ ತಡವಾದದ್ದನ್ನೇ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮತ್ತೆ 3 ದಿನ ಸೇರಿಸಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ 66 ಮುಚ್ಚಿದ್ದು ನೆನಪಿದೆಯಲ್ಲ.

ಪಿಡಿಎಫ್_ಭಟ್ಟ
‘ತೆರೆದರು’ ಅಂದರೇನು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಎಸ್‌ಎಂಎಸ್ ‘ಡೆಲಿವರ್ಡ್’ ಅಂದರೆ ಹ್ಯಾಂಡ್‌ಸೆಟ್‌ಗೆ ಬಂತು, ಅಷ್ಟೇ. ಕ್ಲಿಕ್ಕನ್ನೂ ನಂಬುವ ಹಾಗಿಲ್ಲ. ಲಿಂಕನ್ನು ಯಾರಾದರೂ ವಾಟ್ಸಾಪ್‌ಗೆ ಅಂಟಿಸಿದರೆ ಪ್ರಿವ್ಯೂಗಾಗಿ ಆ್ಯಪ್ ತಾನೇ ಆ ಪುಟ ತೆಗೆಯುತ್ತದೆ, ಸರ್ವರ್ ಅದನ್ನೂ ‘ಓದಿದರು’ ಅಂತ ಬರೆದುಕೊಳ್ಳುತ್ತದೆ. ಪತ್ರ ಕಂಡ ಮೇಲೆ ‘ನೋಡಿದೆ, ಬರುತ್ತೇನೆ’ ಗುಂಡಿ ಒತ್ತಿದರೆ ಮಾತ್ರ ಅಂಚೆ ರದ್ದಾಗಲಿ.

ಗುರುತಿಗೆ ಜನ್ಮದಿನಾಂಕ ಕೇಳಬೇಡಿ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ದಾಖಲೆಯಲ್ಲಿ ಜನವರಿ 1ಕ್ಕೋ ಜೂನ್ 1ಕ್ಕೋ ಹುಟ್ಟಿದವರು, ಶಾಲೆ ಮೇಷ್ಟ್ರ ಕೃಪೆ, ಅವರಿಗೇ ನೆನಪಿರುವುದಿಲ್ಲ. ಒಪಿಡಿ (ಹೊರರೋಗಿ) ಚೀಟಿ ನಂಬರಿನ ಕೊನೆಯ 4 ಅಂಕಿ ಸಾಕು. 5 ಸಲ ತಪ್ಪಿದರೆ ಲಾಕ್, ಲಾಕ್ ಆದದ್ದು ನೇರ ಅಂಚೆ ಸಾಲಿಗೆ. ಅದೇ ಫೋನಿಗೆ ಓಟಿಪಿ ಕಳಿಸಿದರೆ ಏನೂ ಸಾಬೀತಾಗದು, ಆ ಫೋನು ಬೆಂಗಳೂರಿನಲ್ಲಿ ಮಗನ ಜೇಬಿನಲ್ಲಿರಬಹುದು, ಇಲ್ಲವೇ ಬೋಟಿನ ಜೊತೆ ಸಮುದ್ರದಲ್ಲಿ. ನೋಂದಣಿ ಫಾರ್ಮಿನಲ್ಲಿ ‘ಈ ನಂಬರು ಯಾರದು?’ ಅಂತ ಒಂದು ಕಲಂ ಇರಲಿ. ಬಿಟ್ಟ ನಂಬರು 90 ದಿನ ಕಳೆದ ಮೇಲೆ ಬೇರೆಯವರ ಪಾಲಾಗಬಹುದು, ಹಾಗಾಗಿ ಪ್ರತಿ ಭೇಟಿಯಲ್ಲೂ ಕೇಳಿ.

ಕನ್ನಡ ಎಸ್‌ಎಂಎಸ್‌ಗೆ ಮಿತಿ 70 ಅಕ್ಷರ. ದಾಟಿದರೆ ತುಂಡಿಗೆ 67ರಂತೆ ಒಡೆದು ಅಷ್ಟೂ ತುಂಡಿಗೆ ಬಿಲ್ಲು. ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. ‘ಅಪಾಯಿಂಟ್‌ಮೆಂಟ್’ ಬರೆದರೆ ಕಣ್ಣಿಗೆ ಕಾಣದ ಒಂದು ಚಿಹ್ನೆಯೂ ಸೇರಿ 14, ‘ಭೇಟಿ’ ಬರೆದರೆ 4. ಡಿಎಲ್‌ಟಿಯಲ್ಲಿ (ಸಂಸ್ಥೆಗಳು ಕಳಿಸುವ ಎಸ್‌ಎಂಎಸ್‌ಗಳ ನೋಂದಣಿ ವ್ಯವಸ್ಥೆ) ಹೆಡರ್ ಅಂದರೆ ಕಳಿಸುವವರ ಹೆಸರು, ಟೆಂಪ್ಲೇಟ್ ಅಂದರೆ ಮೆಸೇಜಿನ ಮಾದರಿ, ಇವು ಮಾತ್ರ ಸಾಲದು. 2024ರ ಅಕ್ಟೋಬರ್ 1ರಿಂದ ಲಿಂಕಿನ ವಿಳಾಸವೂ ಅಲ್ಲಿ ನೋಂದಣಿಯಾಗಿರಬೇಕು, ಇಲ್ಲವಾದರೆ ಮೆಸೇಜು ಮೊಬೈಲ್ ಕಂಪನಿಯ ಹಂತದಲ್ಲೇ ನಿಲ್ಲುತ್ತದೆ. ಮೆಸೇಜಿನಲ್ಲಿ ಕಾಯಿಲೆ, ವಿಭಾಗದ ಹೆಸರು ಬೇಡವೇ ಬೇಡ.

ನಿಮ್ಮ ಸಾಫ್ಟ್‌ವೇರ್ ಇನ್ನೂ ಹಳೆಯ ನುಡಿ ಆಸ್ಕಿ ಅಕ್ಷರದಲ್ಲಿದ್ದರೆ ಯೂನಿಕೋಡ್‌ಗೆ ಬದಲಿಸದೆ ಮುಂದೆ ಹೋಗಬೇಡಿ. ಆಸ್ಪತ್ರೆಯ ಪ್ರಿಂಟರಿನಲ್ಲಿ ಸರಿ ಕಂಡ ಸಾಲು ಫೋನಿನಲ್ಲಿ ಕಸವಾಗಿ ಕಾಣುತ್ತದೆ.

ಡಾಕ್_ಲೆಕ್ಕ
ಸಾದಾ ಪತ್ರ 20 ಗ್ರಾಮಿಗೆ 5 ರೂಪಾಯಿ. 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ ತೂಗುವ) ಎ4 ಹಾಳೆ 4.7 ಗ್ರಾಂ, ಮೂರು ಹಾಳೆ, ಒಂದು ಡಿಎಲ್ (ಮೂರು ಮಡಿಕೆಯ ಎ4 ಹಿಡಿಸುವ ಉದ್ದನೆಯ) ಲಕೋಟೆ ಸೇರಿ 19ರ ಹತ್ತಿರ. ಮಳೆಗಾಲದಲ್ಲಿ ಕಾಗದ ತೇವ ಹೀರಿ 20 ದಾಟಿತೋ, ಅಂಚೆ ದರದ ಕೊರತೆಯ ದುಪ್ಪಟ್ಟನ್ನು ರೋಗಿಯ ಕೈಯಿಂದ ವಸೂಲು ಮಾಡುತ್ತಾರೆ. ಎರಡೂ ಬದಿ ಮುದ್ರಿಸಿ 2 ಹಾಳೆಗೆ ಮುಗಿಸಿ. ಇಂಕ್‌ಜೆಟ್ ಬೇಡ, ಒಂದು ಹನಿಗೆ ಅಕ್ಷರ ಹರಡುತ್ತದೆ; ಲೇಸರ್ ಇರಲಿ. ಗೋಂದಿನ ಲಕೋಟೆಗಳು ಜುಲೈನಲ್ಲಿ ಕಟ್ಟಿನಲ್ಲೇ ಅಂಟಿಕೊಳ್ಳುತ್ತವೆ, ಪಟ್ಟಿ ಕಿತ್ತು ಅಂಟಿಸುವಂಥದ್ದು ತರಿಸಿ.

ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ವಿಲೀನವಾಯಿತು. ಆ ವರ್ಷದ ಅಕ್ಟೋಬರ್ 1ರ ದರದಲ್ಲಿ 50 ಗ್ರಾಮಿನವರೆಗೆ ಸ್ಥಳೀಯಕ್ಕೆ 19, ಹೊರಗೆ 47 ರೂಪಾಯಿ, ವಿಳಾಸದಾರರ ಕೈಗೇ ಕೊಡುವ ‘ನೋಂದಣಿ’ಗೆ ಇನ್ನು 5, ಜಿಎಸ್‌ಟಿ ಬೇರೆ. ಸಾದಾ ಪತ್ರಕ್ಕೆ ಟ್ರ್ಯಾಕಿಂಗ್ ಇಲ್ಲ. ಆದ್ದರಿಂದ ಆಪರೇಷನ್, ರೆಫರಲ್ ಪತ್ರ ಸ್ಪೀಡ್ ಪೋಸ್ಟಿನಲ್ಲಿ, ಮರುತಪಾಸಣೆ ಸಾದಾ ಅಂಚೆಯಲ್ಲಿ, ಗುಟ್ಟಿನ ವಿಷಯವಿದ್ದರೆ ನೋಂದಣಿ ಸಮೇತ. ಓಟಿಪಿ ಡೆಲಿವರಿ (ಫೋನಿಗೆ ಬಂದ ಓಟಿಪಿ ಹೇಳಿದರಷ್ಟೇ ಲಕೋಟೆ ಕೊಡುವುದು) ಮಾತ್ರ ಮುಟ್ಟಬೇಡಿ: ಫೋನಿನಲ್ಲಿ ಸಿಗದವರಿಗೇ ನೀವು ಅಂಚೆ ಕಳಿಸುತ್ತಿರುವುದು!

ವಿಳಾಸದಲ್ಲಿ ತಂದೆ ಅಥವಾ ಗಂಡನ ಹೆಸರು, ಕೇರಿ ಅಥವಾ ಮಜರೆ, ಪೋಸ್ಟ್, ತಾಲೂಕು, ಪಿನ್ ಇಷ್ಟೂ ಬೇಕು. 581355 ಅಂದರೆ ಸಿದ್ದಾಪುರ ಪೇಟೆಯೂ ಹೌದು, ಸುತ್ತಲಿನ ಹಳ್ಳಿಗಳೂ ಹೌದು, ಒಂದೇ ಪೋಸ್ಟಿನಲ್ಲಿ ನಾಲ್ಕು ಗಣಪತಿ ಹೆಗಡೆಯವರು ಇದ್ದಾರು. ಕಿಟಕಿ ಲಕೋಟೆಯಾದರೆ ಹಾಳೆಯನ್ನು ಒಳಗೆ ನಾಲ್ಕೂ ಕಡೆ ಸರಿಸಿ ನೋಡಿ; ವಿಳಾಸ ಬಿಟ್ಟು ಬೇರೊಂದು ಅಕ್ಷರವೂ ಇಣುಕಬಾರದು.

ಒಪಿಡಿ_ಕುಮಟಾ
ಲಕೋಟೆ ಹೋದ ಮೇಲೆ ತಾರೀಖು ಬದಲಾದರೆ?

ಹಿಂದೆಣಿಕೆ
ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಅಲ್ಲೇ. ಫೋನಿನ ಲಿಂಕ್ ಯಾವತ್ತೂ ಹೊಸದನ್ನು ತೋರಿಸುತ್ತದೆ, ಕಾಗದ ಹಳೆಯದನ್ನೇ ಹೇಳುತ್ತಿರುತ್ತದೆ. ಮನೆಯವರು ನಂಬುವುದು ಕಾಗದವನ್ನು. ಪ್ರತಿ ಪತ್ರಕ್ಕೂ ಒಂದು ಸಂಖ್ಯೆ, ಆವೃತ್ತಿ ಹಾಕಿ. ಬದಲಾದ ಕೂಡಲೇ ಹಳೆಯದು ಮುದ್ರಣದ ಸಾಲಿನಿಂದ ತಾನಾಗಿ ಹೊರಬೀಳಬೇಕು. ಆಗಲೇ ಅಂಚೆಗೆ ಬಿದ್ದಿದ್ದರೆ ಹೊಸ ಪತ್ರದ ಮೊದಲ ಸಾಲು ದಪ್ಪ ಅಕ್ಷರದಲ್ಲಿ: ‘4ನೇ ತಾರೀಖಿನ ನಮ್ಮ ಪತ್ರ ರದ್ದಾಗಿದೆ.’ ಜೊತೆಗೆ ಕರೆ ಮಾಡಿ, ಯಾರು ಎತ್ತಿದರು ಅಂತ ಬರೆದಿಡಿ.

ವಾಪಸ್ ಬಂದ ಲಕೋಟೆಗಳನ್ನು ಮೇಜಿನ ಮೇಲೆ ರಾಶಿ ಹಾಕಬೇಡಿ. ಬಂದ ದಿನವೇ ಬಾರ್‌ಕೋಡ್ ಸ್ಕ್ಯಾನ್ ಮಾಡಿ ರೋಗಿಯ ದಾಖಲೆಗೆ ಕೆಂಪು ಗುರುತು ಹಾಕಿ. ಆ ಗುರುತು ಇರುವವರೆಗೆ ಮುಂದಿನ ಪತ್ರ ಮುದ್ರಣವಾಗದೆ ಕರೆ ಮಾಡುವವರ ಪಟ್ಟಿಗೆ ಹೋಗಲಿ.