ಶಿಕ್ಷಕಿಯರೇ ಹೆಚ್ಚಿರುವಲ್ಲಿ ಪ್ರಾಂಶುಪಾಲ ಹುದ್ದೆಗೆ ಅವರಿಂದ ಅರ್ಜಿ ಏಕೆ ಬರುತ್ತಿಲ್ಲ?

ಪ್ರಶ್ನೆ

ನಾನು ಒಂದು ಶಿಕ್ಷಣ ಸಂಸ್ಥೆಯ ಆಡಳಿತ ಮಂಡಳಿಯ ಸದಸ್ಯ. ನಮ್ಮ ಬೋಧಕ ವರ್ಗದಲ್ಲಿ ಮುಕ್ಕಾಲು ಪಾಲು ಮಹಿಳೆಯರಿದ್ದರೂ, ಪ್ರಾಂಶುಪಾಲರ ಹುದ್ದೆ ತೆರವಾದಾಗಲೆಲ್ಲ ಅರ್ಜಿ ಹಾಕುವವರು ಬಹುತೇಕ ಪುರುಷರೇ. ಅರ್ಹ ಹಿರಿಯ ಶಿಕ್ಷಕಿಯರನ್ನು ಕರೆದು ಕೇಳಿದರೆ, ತಮಗೆ ಆಡಳಿತದ ಅನುಭವವಿಲ್ಲ, ಪಾಠ ಮಾಡಿಕೊಂಡಿರುವುದೇ ಲೇಸು ಎನ್ನುತ್ತಾರೆ. ಅವರಿಗಾಗಿ ನಾಯಕತ್ವ ತರಬೇತಿ ಶಿಬಿರ ನಡೆಸುವ ಪ್ರಸ್ತಾವ ಈಗ ಮಂಡಳಿಯ ಮುಂದಿದೆ. ಅದರಿಂದ ಪ್ರಯೋಜನವಾದೀತೇ?

ಉತ್ತರ 1

ಮಾನ್ಯರೇ, ಇದು ನಿಮ್ಮ ಸಂಸ್ಥೆಯೊಂದರ ಸಮಸ್ಯೆಯಲ್ಲ. ಬಹುತೇಕ ಶ್ರೀಮಂತ ರಾಷ್ಟ್ರಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ 2018ರಲ್ಲಿ ಶಿಕ್ಷಕರು ಮತ್ತು ಶಾಲಾ ಮುಖ್ಯಸ್ಥರ ಬಗ್ಗೆ ನಡೆಸಿದ ಟಾಲಿಸ್ ಎಂಬ ಅಂತರರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಅದರ ಸದಸ್ಯ ರಾಷ್ಟ್ರಗಳ ಕೆಳ ಪ್ರೌಢ ಹಂತದ ಶಿಕ್ಷಕರಲ್ಲಿ ಸರಾಸರಿ ಶೇ. 68ರಷ್ಟು ಮಹಿಳೆಯರಿದ್ದರೆ, ಶಾಲಾ ಮುಖ್ಯಸ್ಥರಲ್ಲಿ ಅವರ ಪಾಲು ಶೇ. 47 ಮಾತ್ರ. ಶಿಕ್ಷಕ ವೃತ್ತಿಯಂತಹ, ಮಹಿಳೆಯರೇ ಹೆಚ್ಚಿರುವ ಕ್ಷೇತ್ರಗಳಿಗೆ ಬಂದ ಪುರುಷರನ್ನು ಸುತ್ತಲಿನವರೇ ಆಡಳಿತದ ಕಡೆಗೆ ತಳ್ಳುತ್ತಾರೆ ಎಂಬುದನ್ನು ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನ್ ವಿಲಿಯಮ್ಸ್ 1992ರಲ್ಲೇ ತೋರಿಸಿದ್ದರು.

ತಳ್ಳುವುದು ಹೇಗೆಂದು ತಿಳಿಯಲು ಕಳೆದ ಕೆಲವು ವರ್ಷಗಳ ಕೆಲಸ ಹಂಚಿಕೆಯ ಆದೇಶಗಳನ್ನು ತೆಗೆದು ನೋಡಿ. ವೇಳಾಪಟ್ಟಿ ಸಿದ್ಧಪಡಿಸಿದವರು, ಬಜೆಟ್ ಕರಡು ಬರೆದವರು, ಇಲಾಖೆಯ ತಪಾಸಣೆಗೆ ಕಡತ ಜೋಡಿಸಿದವರು ಯಾರು? ಸಭೆಯ ನಡಾವಳಿ ಬರೆದವರು, ಸಮಾರಂಭದ ಅತಿಥಿಗಳನ್ನು ನೋಡಿಕೊಂಡವರು, ಅಳುವ ಮಗುವನ್ನು ಸಮಾಧಾನಪಡಿಸಿದವರು ಯಾರು? ಮೊದಲನೆಯ ಬಗೆಯ ಕೆಲಸಗಳು ಅರ್ಜಿಯ ಅನುಭವದ ಕಲಂ ತುಂಬುತ್ತವೆ. ಎರಡನೆಯವು ಬೀಳ್ಕೊಡುಗೆ ಭಾಷಣದಲ್ಲಿ ನೆನಪಾಗುತ್ತವೆ, ಅಷ್ಟೆ. ಹೀಗಿರುವಾಗ ಅನುಭವವಿಲ್ಲ ಎಂದು ಶಿಕ್ಷಕಿಯರು ಹೇಳಿದ್ದು ಸಂಕೋಚದ ಮಾತಲ್ಲ, ಇದ್ದ ಸಂಗತಿಯನ್ನೇ ಹೇಳಿದ್ದಾರೆ.

1909ರಲ್ಲಿ ಷಿಕಾಗೊ ನಗರದ ಶಾಲೆಗಳ ಅಧೀಕ್ಷಕಿಯಾದ ಎಲ್ಲಾ ಫ್ಲ್ಯಾಗ್ ಯಂಗ್ ಅವರನ್ನು ಅಮೆರಿಕದ ದೊಡ್ಡ ನಗರವೊಂದರ ಶಾಲಾ ವ್ಯವಸ್ಥೆಯನ್ನು ಮುನ್ನಡೆಸಿದ ಮೊದಲ ಮಹಿಳೆ ಎಂದು ನೆನೆಯುತ್ತೇವೆ. ಆದರೆ ಅದಕ್ಕೂ ಬಹಳ ಮೊದಲೇ ಅವರು ಅದೇ ನಗರದಲ್ಲಿ ಶಾಲಾ ಮುಖ್ಯಸ್ಥೆಯಾಗಿ, ಸಹಾಯಕ ಅಧೀಕ್ಷಕಿಯಾಗಿ ವರ್ಷಗಟ್ಟಲೆ ದುಡಿದಿದ್ದರು. ಶಿಬಿರ ನಡೆಸುವುದಾದರೆ ನಡೆಸಿ. ಅದಕ್ಕೂ ಮೊದಲು ಬಜೆಟ್ ಮತ್ತು ವೇಳಾಪಟ್ಟಿಯ ಹೊಣೆಯನ್ನು ಸರದಿಯ ಮೇಲೆ ಹಂಚಿ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆಯ್ಕೆ ಸಮಿತಿಯ ಬಗ್ಗೆ ಮಾತ್ರ ಒಂದೆರಡು ಮಾತು. ಅಧಿಸೂಚನೆಯಲ್ಲಿ 'ನಿರಂತರ ಸೇವೆ' ಎಂಬ ಷರತ್ತಿದ್ದರೆ, ಹೆರಿಗೆ ಅಥವಾ ಶುಶ್ರೂಷೆಗಾಗಿ ರಜೆ ಹಾಕಿದವರು ಅಲ್ಲಿಯೇ ಹೊರಗುಳಿಯುತ್ತಾರೆ. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ಸಂದರ್ಶನದಲ್ಲಿ ಪುರುಷರಿಗೆ ಬರುವುದಿಲ್ಲ, ಮಹಿಳೆಯರಿಗೂ ಬರಕೂಡದು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನಾವಳಿ ಇರಲಿ, ಅಂಕಗಳನ್ನು ಚರ್ಚೆಗೆ ಮೊದಲೇ ಬರೆದಿಡಲಿ.

ಉತ್ತರ 3

ಒಂದು ಭಿನ್ನಾಭಿಪ್ರಾಯವಿದೆ. ಅನುಭವವೂ ಇದ್ದು, ಆಯ್ಕೆಯೂ ನ್ಯಾಯವಾಗಿದ್ದು, ಆದರೂ ಬೇಡವೆನ್ನುವವರನ್ನು ನಾನು ಬಲ್ಲೆ. ಸಂಜೆಯ ಸಭೆ, ರಾತ್ರಿಯ ಫೋನ್ ಕರೆ, ರಜಾದಿನದ ಪತ್ರವ್ಯವಹಾರ ಇವೆಲ್ಲವನ್ನೂ ಒಬ್ಬರೇ ಹೊರಬೇಕಾದ ಹುದ್ದೆಯು, ಮನೆಯ ಹೊಣೆಯನ್ನು ಬೇರೊಬ್ಬರು ಹೊತ್ತಿದ್ದಾರೆಂದು ಭಾವಿಸಿಯೇ ರೂಪುಗೊಂಡದ್ದು. ಇಂಗ್ಲೆಂಡಿನ ಕೆಲವು ಶಾಲೆಗಳಲ್ಲಿ ಇಬ್ಬರು ವಾರದ ದಿನಗಳನ್ನು ಹಂಚಿಕೊಂಡು ಮುಖ್ಯಸ್ಥರಾಗಿ ಕೆಲಸ ಮಾಡುವ ಪದ್ಧತಿ ಇದೆ. ಅಷ್ಟು ದೂರ ಹೋಗಲಾಗದಿದ್ದರೂ, ಸಭೆಗಳನ್ನು ಶಾಲಾ ಸಮಯದೊಳಗೇ ಮುಗಿಸಲು ಮಂಡಳಿಗೆ ಯಾರ ಅನುಮತಿಯೂ ಬೇಕಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಆದೇಶಗಳನ್ನು ತೆಗೆಸಿ ನೋಡಿದೆ: ವೇಳಾಪಟ್ಟಿಯ ಕೆಲಸ ಬಹುಕಾಲದಿಂದ ಒಬ್ಬರ ಕೈಯಲ್ಲೇ ಇದೆ. ಅದನ್ನು ಬದಲಿಸಿದರೆ ಅವರು ಅವಮಾನವೆಂದು ಭಾವಿಸುವುದಿಲ್ಲವೇ?

ಉತ್ತರ 1ರವರು

ಭಾವಿಸಬಹುದು. ಆದ್ದರಿಂದ ಒಬ್ಬರಿಂದ ಕಿತ್ತುಕೊಂಡಂತೆ ಕಾಣದ ಹಾಗೆ, ಎಲ್ಲ ಆಡಳಿತ ಹೊಣೆಗಳಿಗೂ ಅವಧಿ ನಿಗದಿಪಡಿಸುವ ನಿಯಮವನ್ನು ಒಟ್ಟಿಗೇ ತನ್ನಿ. ಮೊದಲ ವರ್ಷ ಅವರ ಜೊತೆಗೇ ಒಬ್ಬ ಶಿಕ್ಷಕಿಯನ್ನು ಲಿಖಿತ ಆದೇಶದ ಮೂಲಕ ನೇಮಿಸಿ. ಬಾಯಿಮಾತಿನ ನೇಮಕವಾದರೆ, ಮುಂದೆ ಅರ್ಜಿ ಹಾಕುವಾಗ ಅವರ ಬಳಿ ತೋರಿಸಲು ಏನೂ ಇರುವುದಿಲ್ಲ.