ಬೆಳಿಗ್ಗೆ ಹಾಕಿದ ಟಿಕ್ ಸಂಜೆಗೆ ಮಾಯ (ಮಗಳ ನಕ್ಷತ್ರದ ಶೀಟ್)

ಮಲ್ಲಿಗೆಬಳ್ಳಿ: ತಲೆ ಕೆಟ್ಟು ಹೋಗಿದೆ. 3ನೇ ಕ್ಲಾಸಿನ ಮಗಳಿಗೆ ಗೂಗಲ್ ಶೀಟ್‌ನಲ್ಲಿ ನಕ್ಷತ್ರದ ಪಟ್ಟಿ ಇಟ್ಟಿದ್ದೇನೆ. ಹೊದಿಕೆ ಮಡಚಿದರೆ, ಬ್ಯಾಗ್ ಜೋಡಿಸಿದರೆ, ತುಳಸಿಗೆ ನೀರು ಹಾಕಿದರೆ ಒಂದೊಂದು ಟಿಕ್. ಐದು ದಿನ ತಪ್ಪದಿದ್ದರೆ ಶನಿವಾರ ಅರ್ಧ ಗಂಟೆ ಜಾಸ್ತಿ ಕಾರ್ಟೂನ್. ಅವಳೇ ಟಿಕ್ ಹಾಕಿ ಶಾಲೆಗೆ ಹೋಗುತ್ತಾಳೆ. ಸಂಜೆ ನೋಡಿದರೆ ಎಲ್ಲ ಖಾಲಿ! "ನೀನು ಹಾಕೇ ಇಲ್ಲ" ಅಂತ ಎರಡು ವಾರ ಬೈದಿದ್ದೇನೆ. ನಿನ್ನೆ ಎದುರಿಗೇ ನಿಂತು ಹಾಕಿಸಿದೆ. ಅದೂ ಹೋಯಿತು.

ನಿಧಾನಿ: ಫೋನ್ ಆಫ್‌ಲೈನ್ ಇರಬೇಕು. ಸಿಂಕ್ ಆಗಿರುವುದಿಲ್ಲ. ಆ್ಯಪ್‌ನ ಕ್ಯಾಶ್ (ಫೋನ್ ಉಳಿಸಿಟ್ಟ ತಾತ್ಕಾಲಿಕ ಮಾಹಿತಿ) ತೆಗೆದು ನೋಡಿ.

ಮಲ್ಲಿಗೆಬಳ್ಳಿ: ತೆಗೆದೆ. ಆ್ಯಪ್ ಮತ್ತೆ ಹಾಕಿದೆ. ಅದೇ ಕಥೆ.

ನಿಧಾನಿ: ಹಾಗಾದರೆ ವೈಫೈ. ರೌಟರ್ ಯಾವುದು?

ಕೋಡುಬಳೆ: ಮನೆ ಕೆಲಸಕ್ಕೆಲ್ಲ ನಕ್ಷತ್ರ ಯಾಕೆ? ಅಮೆರಿಕದಲ್ಲಿ 1973ರಲ್ಲಿ ಬಂದ ಒಂದು ಅಧ್ಯಯನ ಇದೆ. ಚಿತ್ರ ಬರೆದರೆ ಬಹುಮಾನ ಅಂತ ಮೊದಲೇ ಹೇಳಿಸಿಕೊಂಡ ಮಕ್ಕಳು ಆಮೇಲೆ ತಾವಾಗಿ ಬರೆಯುವುದನ್ನೇ ಕಡಿಮೆ ಮಾಡಿದರು.

ಹಂಚಿನಮನೆ: ಆ ಮಕ್ಕಳಿಗೆ ಚಿತ್ರ ಬರೆಯುವುದು ಮೊದಲಿಂದಲೂ ಇಷ್ಟ ಇತ್ತು. ಹೊದಿಕೆ ಮಡಚುವುದು ಯಾವ ಮಗುವಿಗೆ ಇಷ್ಟ ಹೇಳಿ?

ಕೋಡುಬಳೆ: ನಮ್ಮ ಮನೆಯಲ್ಲಿ ಸುಮ್ನೆ ಹೇಳಿದರೆ ಮಾಡುತ್ತಾರೆ.

ಗೋಡೆಟ್ಯಾಬ್: ನಾನು ಹಳೇ ಟ್ಯಾಬ್ಲೆಟ್ಟನ್ನು ಅಡುಗೆಮನೆ ಗೋಡೆಗೆ ಕೂರಿಸಿ ಹೋಮ್ ಅಸಿಸ್ಟೆಂಟ್ (ಮನೆಯ ದೀಪ, ಸ್ವಿಚ್ ನಡೆಸುವ ಸಾಫ್ಟ್‌ವೇರ್) ಹಾಕಿದ್ದೇನೆ. ಕೆಲಸ ಮುಗಿದರೆ ಮಗ ತಂತಿಯಿಲ್ಲದ ಜಿಗ್‌ಬೀ ಬಟನ್ ಒತ್ತುತ್ತಾನೆ, ಹಸಿರು ದೀಪ ಹತ್ತುತ್ತದೆ. ಶೀಟ್ ಬಿಡಿ, ಇದಕ್ಕೆ ಬನ್ನಿ.

ಹಂಚಿನಮನೆ: ಅಕ್ಕಾ, ಟಿಕ್ ಎಷ್ಟು ಗಂಟೆಗೆ ಹೋಗುತ್ತದೆ? ಮರುದಿನಕ್ಕೆ ಅಂತ ರಾತ್ರಿ ಅದನ್ನೆಲ್ಲ ಅಳಿಸುವವರು ಯಾರು?

ಮಲ್ಲಿಗೆಬಳ್ಳಿ: ಅದು ತಾನೇ ಅಳಿಸಿಕೊಳ್ಳುತ್ತದೆ. ಇವತ್ತು ನಮ್ಮತ್ತೆಗೆ ನೋಡಲು ಹೇಳಿದ್ದೆ. 12ಕ್ಕೆ ಇತ್ತಂತೆ, ಊಟ ಮುಗಿಸಿ ಒಂದೂವರೆಗೆ ನೋಡಿದರೆ ಇಲ್ಲ. ಶೀಟ್ ಮಾಡಿಕೊಟ್ಟವನು ನನ್ನ ತಮ್ಮ. ಅಮೆರಿಕದ ಸ್ಯಾನ್ ಹೋಸೆಯಲ್ಲಿ ಇದ್ದಾನೆ.

ಹಂಚಿನಮನೆ: ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತಾ! ಟಿಕ್ ಅಳಿಸುವ ಸ್ಕ್ರಿಪ್ಟ್ (ಶೀಟ್‌ಗೆ ಜೋಡಿಸಿದ ಚಿಕ್ಕ ಪ್ರೋಗ್ರಾಮ್) ಅಲ್ಲಿನ ಮಧ್ಯರಾತ್ರಿಗೆ ಓಡುತ್ತಿದೆ. ಈಗ ಅಲ್ಲಿ ರಾತ್ರಿ 12 ಅಂದರೆ ನಮಗೆ ಮಧ್ಯಾಹ್ನ 12:30. ಅದನ್ನು ದಿನಾ ಓಡಿಸುವ ಟ್ರಿಗರ್ ಅಲ್ಲಿನ 12ರಿಂದ 1ರೊಳಗೆ ಯಾವಾಗಲಾದರೂ ಓಡುತ್ತದೆ. ಅತ್ತೆ ಹೇಳಿದ ಹೊತ್ತು ಸರಿಯಾಗಿ ಕೂಡುತ್ತದೆ. ಶೀಟ್‌ನ ಫೈಲ್ ಮೆನು, ಸೆಟ್ಟಿಂಗ್ಸ್‌ನಲ್ಲಿ ಟೈಮ್ ಝೋನ್ ಭಾರತದ್ದು ಮಾಡಿ. ಅಷ್ಟೇ ಸಾಲದು. ಆ್ಯಪ್ಸ್ ಸ್ಕ್ರಿಪ್ಟ್‌ನ (ಆ ಪ್ರೋಗ್ರಾಮ್ ಬರೆಯುವ ಜಾಗ) ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಬೇರೆ ಟೈಮ್ ಝೋನ್ ಇರುತ್ತದೆ, ಅದನ್ನೂ ಬದಲಿಸಿ. ತಮ್ಮ ಇಟ್ಟ ಟ್ರಿಗರ್ ನಿಮಗೆ ಅಳಿಸಲು ಬರುವುದಿಲ್ಲ. ಫೈಲಿನ ಕಾಪಿ ಮಾಡಿಕೊಂಡು ನಿಮ್ಮ ಹೆಸರಲ್ಲೇ ಹೊಸ ಟ್ರಿಗರ್ ಇಡಿ.

ನಿಧಾನಿ: ಆದರೂ ರೌಟರ್ ಒಮ್ಮೆ ನೋಡುವುದು ಒಳ್ಳೆಯದು.

ಮಲ್ಲಿಗೆಬಳ್ಳಿ: ಕಾಪಿ ಮಾಡಿದೆ. ಇವತ್ತು 4 ಗಂಟೆಗೂ ಮೂರು ಟಿಕ್ ಹಾಗೇ ಇದ್ದವು. ಮಗಳು ಶೂ ಕೂಡ ಬಿಚ್ಚದೆ ಬಂದು ನೋಡಿದಳು. "ನಾನು ಹಾಕಿದ್ದೆ ಅಂದಿರಲಿಲ್ವಾ ಅಮ್ಮಾ" ಅಂದಳು. ತಪ್ಪಾಯ್ತು ಅಂತ ಕೇಳಿಕೊಂಡೆ. ಎರಡು ವಾರದ ನಕ್ಷತ್ರ ವಾಪಸ್ ಕೊಡಬೇಕು. ಎಷ್ಟು ದಿನ ತಪ್ಪದೆ ಮಾಡಿದಳು ಅನ್ನುವ ಲೆಕ್ಕದ ಕಾಲಮ್ ಮಾತ್ರ ಇನ್ನೂ 1 ಅಂತಲೇ ತೋರಿಸುತ್ತಿದೆ. ಕೈಯಲ್ಲಿ 10 ಬರೆದರೆ ಫಾರ್ಮುಲಾ ಹಾಳಾಗುತ್ತದಾ?

ಗೋಡೆಟ್ಯಾಬ್: ನನ್ನ ಬಟನ್ನಿನ ಫೋಟೊ ಹಾಕಲಾ?